ಪೆರು ಕಾಫಿ: ಚೀಲದಲ್ಲಿ ಬೆರೆತುಹೋದ ಗುಡ್ಡಗಳು

(ಸಕಲೇಶಪುರದಲ್ಲಿ ಕಾಫಿ ಬೆಳೆಯುವವರು, ಕುಡಿಯುವವರು ಸೇರಿದ್ದ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಜಗ್ ಕಾಫಿ ಇಟ್ಟಿದ್ದೇನೆ. ಹಾಲಿಲ್ಲ, ಸಕ್ಕರೆ ಇಲ್ಲ, ಚಿಕೋರಿ ಅಂತೂ ಇಲ್ಲವೇ ಇಲ್ಲ. ಎರಡೂ ಪೆರು ದೇಶದ ಕಾಫಿ. ನನ್ನ ಅಕ್ಕನ ಮಗಳು ಜರ್ಮನಿಯಿಂದ ಬರುವಾಗ ತಂದುಕೊಟ್ಟಳು. ಎಡಗಡೆಯದು ದೊಡ್ಡ ಅಂಗಡಿಯಲ್ಲಿ ಸಿಗುವ ಪ್ಯಾಕೆಟ್. ಅದರ ಮೇಲೆ ‘ಪೆರು’ ಅಂತ ಮಾತ್ರ ಬರೆದಿದೆ. ಬಲಗಡೆಯ ಪ್ಯಾಕೆಟ್ ಮೇಲೆ ಜಿಲ್ಲೆ, ಊರು, ತೋಟದ ಎತ್ತರ, ಗಿಡದ ತಳಿ, ಬೆಳೆದವರ ಹೆಸರು ಎಲ್ಲಾ ಇದೆ. ನನ್ನ ಮಾತು ಮುಗಿಯುವ ತನಕ ದಯವಿಟ್ಟು ಯಾರೂ ಮುಟ್ಟಬೇಡಿ. ತಣಿಯಲಿ. ಯಾಕೆ ತಣಿಯಬೇಕು ಅಂತ ಆಮೇಲೆ ಹೇಳುತ್ತೇನೆ.

ಹಲವು ವರ್ಷಗಳ ಹಿಂದೆ ಹೊರದೇಶಕ್ಕೆ ಹೋಗಿದ್ದಾಗ ಒಂದು ಅಂಗಡಿಯಲ್ಲಿ ಮೊದಲ ಸಲ ಪೆರು ಕಾಫಿ ಕೊಂಡೆ. ರೂಮಿಗೆ ಬಂದು ಮಾಡಿ ಕುಡಿದರೆ ಹಳೆ ಗೋಣಿಚೀಲದ ವಾಸನೆ. ಮಳೆಗಾಲ ಪೂರ್ತಿ ಗೋದಾಮಿನಲ್ಲಿ ಕೂತ ಕಾಫಿಗೆ ಒಂದು ಮಂಕು ಬರುತ್ತದಲ್ಲ, ಅದೇ. ನಿಮಗೆ ಅದನ್ನು ವಿವರಿಸಬೇಕಿಲ್ಲ. ಆಮೇಲೆ ಬಹಳ ವರ್ಷ ನಾನು ಪೆರು ಅಂದರೆ ಇಷ್ಟೇ ಅಂದುಕೊಂಡಿದ್ದೆ. ಒಂದು ದಿನ ಒಬ್ಬ ಗೆಳೆಯ ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ ಮಾಡುವಾಗ ಹೆಸರು ಮುಚ್ಚಿಟ್ಟು ಒಂದು ಲೋಟ ಮುಂದೆ ಇಟ್ಟ. ಕಿತ್ತಳೆ ಸಿಪ್ಪೆಯ ಹುಳಿ, ಬೆಲ್ಲದ ಪಾಕದ ಸಿಹಿ, ನುಂಗಿದ ಮೇಲೂ ಬಾಯಲ್ಲಿ ಉಳಿಯುವ ಹೂವಿನ ಘಮ. ನಾನು ಇಥಿಯೋಪಿಯಾ ಅಂದೆ. ಅದು ಪೆರು. ಉತ್ತರ ಪೆರುವಿನ ಕಹಮಾರ್ಕಾ ಜಿಲ್ಲೆಯದ್ದು.

ಒಂದೇ ದೇಶದ ಎರಡು ಕಾಫಿ ಇಷ್ಟು ಬೇರೆಯಾಗಿರುವುದು ಹೇಗೆ ಅನ್ನುವ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಹೆಸರಿನ ವಿಷಯ. ಕಾಫಿ ಹುರಿಯುವವರನ್ನು ಪೆರು ಬಗ್ಗೆ ಕೇಳಿದರೆ ಮೂರು ಮಾತು ಬರುತ್ತವೆ. ಒಂದು, ಸೌಮ್ಯ. ಎರಡು, ಬ್ಲೆಂಡಿಗೆ ಒಳ್ಳೆಯದು. ಮೂರು, ಸಾವಯವ ಕಾಫಿ ಬೇಕಾದರೆ ಕಡಿಮೆ ದರಕ್ಕೆ ಅಲ್ಲಿ ಸಿಗುತ್ತದೆ. ಮೂರೂ ಬೈಗುಳ ಅಲ್ಲ. ಆದರೆ ಯಾರೂ ಆಸೆಪಟ್ಟು ಹುಡುಕಿಕೊಂಡು ಹೋಗುವ ಕಾಫಿಗೆ ಹೇಳುವ ಮಾತೂ ಅಲ್ಲ. ಮನೆಗೆ ಸೊಸೆ ಹುಡುಕುವಾಗ ‘ಹುಡುಗಿ ಸಾಧು’ ಅಂತಾರಲ್ಲ, ಹಾಗೆ.

ಮುಂದೆ ಕೊಡುವ ಕಾಫಿಗೆ ಈಗಲೇ ದರ ಕಟ್ಟುವ ನ್ಯೂಯಾರ್ಕಿನ ವಾಯಿದೆ ಪೇಟೆಯಲ್ಲಿ ಅರೇಬಿಕಾ ಜಾತಿಯ ಕಾಫಿಗೆ ಒಂದು ಒಪ್ಪಂದ ಇದೆ. ನಮ್ಮ ದರವೂ ಅದನ್ನೇ ನೋಡಿಕೊಂಡು ಏರಿಳಿಯುತ್ತದೆ ಅಂತ ನಿಮಗೆ ಗೊತ್ತು. ಅಲ್ಲಿ ಯಾವ ದೇಶದ ಕಾಫಿ ಕೊಟ್ಟರೆ ಎಷ್ಟು ಜಾಸ್ತಿ, ಎಷ್ಟು ಕಡಿಮೆ ಅಂತ ಒಂದು ಪಟ್ಟಿ ಇದೆ. ಕೊಲಂಬಿಯಾಕ್ಕೆ ಪೌಂಡಿಗೆ 4 ಸೆಂಟ್ ಜಾಸ್ತಿ. ಬ್ರೆಜಿಲ್‌ಗೆ 6 ಸೆಂಟ್ ಕಡಿಮೆ. ನಮ್ಮ ಭಾರತಕ್ಕೆ 1 ಸೆಂಟ್ ಕಡಿಮೆ. ಪೆರುವಿಗೆ ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ಸರಿಯಾಗಿ ನಡುವೆ ಕೂರಿಸಿದ್ದಾರೆ. ಒಂದು ಇಡೀ ದೇಶದ ಸಾವಿರಾರು ಗುಡ್ಡಗಳಿಗೆ ಒಂದೇ ಅಂಕ.

ಆ ಗುಡ್ಡಗಳು ಎಂಥವು? ಪೆರುವಿನ ಪಶ್ಚಿಮ ಕರಾವಳಿ ಮರಳುಗಾಡು. ನಡುವೆ ಆಂಡೀಸ್ ಬೆಟ್ಟಸಾಲು. ಬೆಟ್ಟದ ಪೂರ್ವದ ಇಳಿಜಾರು ಅಮೆಜಾನ್ ಕಾಡಿಗೆ ಇಳಿಯುತ್ತದೆ. ಕಾಫಿ ಇರುವುದು ಹೆಚ್ಚಾಗಿ ಆ ಇಳಿಜಾರಿನಲ್ಲಿ. ಉತ್ತರದಲ್ಲಿ ಕಹಮಾರ್ಕಾ, ಅಮಜೋನಾಸ್, ಸಾನ್ ಮಾರ್ಟಿನ್. ನಡುವೆ ಹುನೀನ್, ಪಾಸ್ಕೊ. ದಕ್ಷಿಣದಲ್ಲಿ ಕುಸ್ಕೊ, ಪುನೊ. ಸಮಭಾಜಕಕ್ಕೆ ಹತ್ತಿರ ಇರುವುದರಿಂದ 1,800 ಮೀಟರ್ ಎತ್ತರದಲ್ಲೂ ಗಿಡ ಬದುಕುತ್ತದೆ. ನಮ್ಮ ಸಕಲೇಶಪುರದ ಸುಮಾರು ಎರಡು ಪಟ್ಟು ಎತ್ತರ. ಅಷ್ಟು ಮೇಲೆ ರಾತ್ರಿ ಚಳಿ. ಹಣ್ಣು ನಿಧಾನವಾಗಿ ಮಾಗುತ್ತದೆ. ಬೀಜ ಗಟ್ಟಿಯಾಗುತ್ತದೆ, ಸಿಹಿ ಕೂಡುತ್ತದೆ, ಒಳ್ಳೆಯ ಹುಳಿ ನಿಲ್ಲುತ್ತದೆ. ಟಿಪಿಕಾ, ಬೋರ್ಬನ್, ಕಟುರ್ರಾ ಅಂತ ಹಳೆ ತಳಿಗಳು ಇನ್ನೂ ಅಲ್ಲಿವೆ. ಮಣ್ಣು, ಎತ್ತರ, ತಳಿ, ಮೂರರಲ್ಲೂ ಕೊರತೆ ಇಲ್ಲ.

ಬೆಳೆಯುವವರು ಎರಡು ಲಕ್ಷಕ್ಕೂ ಜಾಸ್ತಿ ಕುಟುಂಬಗಳು. ಬಹುತೇಕರಿಗೆ ಎರಡು ಮೂರು ಹೆಕ್ಟೇರ್ ಜಮೀನು, ಅಷ್ಟೇ. ಇವರೆಲ್ಲಾ ಸೇರಿ ವರ್ಷಕ್ಕೆ 60 ಕಿಲೋದ ಸುಮಾರು 40 ಲಕ್ಷ ಮೂಟೆ ಬೆಳೆಯುತ್ತಾರೆ. ಹೆಚ್ಚುಕಡಿಮೆ ಪೂರ್ತಿ ಅರೇಬಿಕಾ. ನಮ್ಮ ಇಡೀ ದೇಶದ ಅರೇಬಿಕಾ ಅದರ ಅರ್ಧದಷ್ಟೂ ಇಲ್ಲ.

ಈಗ ಅಂಥ ಒಂದು ಮನೆಯ ಕೊಯ್ಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಹಮಾರ್ಕಾದಲ್ಲಿ, ಹಾಯೆನ್ ಪಟ್ಟಣದಿಂದ ಮೇಲೆ, ಮೋಡ ತಾಗುವ ಕಾಡಿನ ಅಂಚಿನಲ್ಲಿ ಮನೆ. ಮನೆಯವರೇ ಹಣ್ಣು ಕೊಯ್ಯುತ್ತಾರೆ. ಅಕ್ಕಪಕ್ಕದವರು ಮುಯ್ಯಾಳಾಗಿ ಬರುತ್ತಾರೆ. ಸಂಜೆ ಕೈಯಲ್ಲಿ ತಿರುಗಿಸುವ ಸಣ್ಣ ಪಲ್ಪರ್‌ಗೆ ಹಣ್ಣು ಹಾಕುತ್ತಾರೆ. ಸಿಪ್ಪೆ ಹೋದ ಬೀಜವನ್ನು ಮರದ ತೊಟ್ಟಿಯಲ್ಲೋ ಸಿಮೆಂಟ್ ತೊಟ್ಟಿಯಲ್ಲೋ ರಾತ್ರಿ ಹುದುಗಲು ಬಿಟ್ಟು ಬೆಳಿಗ್ಗೆ ತೊಳೆಯುತ್ತಾರೆ. ಆಮೇಲೆ ಟಾರ್ಪಾಲಿನ ಮೇಲೆ ಹರಡುತ್ತಾರೆ. ನಮ್ಮಲ್ಲಿ ಒಂದು ಎಸ್ಟೇಟಿನ ಪಲ್ಪಿಂಗ್ ಮನೆಯಲ್ಲಿ ನಡೆಯುವ ಕೆಲಸ ಅಲ್ಲಿ ಪ್ರತಿ ಮನೆಯ ಹಿತ್ತಲಿನಲ್ಲಿ ನಡೆಯುತ್ತದೆ. ಅಂದರೆ ಎರಡು ಲಕ್ಷ ಹಿತ್ತಲು, ಎರಡು ಲಕ್ಷ ಕೈ. ಒಬ್ಬರು ಹುದುಗಿಸುವುದು ಹನ್ನೆರಡು ಗಂಟೆ, ಪಕ್ಕದವರು ಮೂವತ್ತು ಗಂಟೆ.

ಕಷ್ಟ ಇರುವುದು ಒಣಗಿಸುವುದರಲ್ಲಿ. ನಮ್ಮ ಅರೇಬಿಕಾ ಕಣಕ್ಕೆ ಬರುವಾಗ ಡಿಸೆಂಬರ್, ಜನವರಿಯ ಒಳ್ಳೆ ಬಿಸಿಲು. ನಮ್ಮ ದೊಡ್ಡಪ್ಪ ಕಣದಲ್ಲಿ ಕೂತು ಒಂದೊಂದು ಬೀಜ ಹಲ್ಲಿನಲ್ಲಿ ಕಡಿದು, ಆಯ್ತು, ಇನ್ನೊಂದು ಬಿಸಿಲು ಬೇಕು ಅಂತ ಹೇಳುತ್ತಿದ್ದರು. ಆ ಒಂದು ಬಿಸಿಲು ಇಲ್ಲಿ ಸಿಗುತ್ತದೆ. ಅಲ್ಲಿ ಬೆಳಿಗ್ಗೆ ಬಿಸಿಲು ಇದ್ದರೆ ಮಧ್ಯಾಹ್ನ ಮಂಜು ಇಳಿಯುತ್ತದೆ. ಒಂದು ಹನಿ ಮಳೆ ಬಂದರೆ ಟಾರ್ಪಾಲು ಮಡಚಿ ಒಳಗೆ ಎಳೆಯಬೇಕು. ಎತ್ತರ ಜಾಸ್ತಿ ಇದ್ದಷ್ಟೂ ಕಾಫಿ ಚೆನ್ನ, ಅಷ್ಟೇ ಒಣಗುವುದು ಕಷ್ಟ. ಒಳ್ಳೆಯ ಗುಡ್ಡಕ್ಕೇ ಈ ಶಿಕ್ಷೆ. ಮಗನ ಶಾಲೆಗೆ, ಕೊಯ್ಲಿನ ಕೂಲಿಗೆ ಕೈಯಲ್ಲಿ ದುಡ್ಡು ಬೇಕು. ಅರ್ಧ ಒಣಗಿದ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇರುವ ಬೀಜ, ಹೇಸರಗತ್ತೆ ಮೇಲೋ ಪಿಕಪ್ಪಿನಲ್ಲೋ ಕೆಳಗೆ ಹೋಗುತ್ತದೆ.

ಹಾಯೆನ್ ಸೆಕೆಯ ಊರು. ಅಲ್ಲಿ ವ್ಯಾಪಾರಿ ತೂಕ ಮಾಡುತ್ತಾನೆ, ತೇವ ನೋಡುತ್ತಾನೆ, ಕೈಯಲ್ಲಿ ಸಿಪ್ಪೆ ಉಜ್ಜಿ ಔಟ್‌ಟರ್ನ್, ಅಂದರೆ ಸಿಪ್ಪೆ ಹೋದ ಮೇಲೆ ಬೀಜ ಎಷ್ಟು ಉಳಿಯುತ್ತದೆ ಅಂತ ನೋಡುತ್ತಾನೆ. ರುಚಿ ನೋಡುವುದಿಲ್ಲ. ದರ ತೂಕಕ್ಕೆ. 1,900 ಮೀಟರಿನಿಂದ ಬಂದ ಕಾಫಿ, 1,100 ಮೀಟರಿನಿಂದ ಬಂದ ಕಾಫಿ, ಸರಿಯಾಗಿ ಒಣಗಿದ್ದು, ಒಣಗದ್ದು ಎಲ್ಲವೂ ಒಂದೇ ರಾಶಿಗೆ ಬೀಳುತ್ತವೆ. ರಾಶಿಯನ್ನು ಮತ್ತೆ ಒಣಗಿಸಿ, ಸಿಪ್ಪೆ ತೆಗೆದು, ಗ್ರೇಡ್ ಮಾಡಿ ಪಾಯ್ತಾ ಬಂದರಿಗೋ ಕಯಾವೊ ಬಂದರಿಗೋ ಕಳಿಸುತ್ತಾರೆ. ಸರಿಯಾಗಿ ಒಣಗದ ಬೀಜ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಹಡಗು ಹತ್ತಿ, ಗೋದಾಮಿನಲ್ಲಿ ಕೂತು, ಹುರಿದು ನನ್ನ ರೂಮಿಗೆ ಬರುವ ಹೊತ್ತಿಗೆ ಅದು ಗೋಣಿಚೀಲದ ರುಚಿಗೆ ತಿರುಗಿತ್ತು.

ನನ್ನ ಅಭಿಪ್ರಾಯ ಇಷ್ಟೇ. ಪೆರುವಿಗೆ ಬಂದ ‘ಸೌಮ್ಯ’ ಅನ್ನುವ ಹೆಸರು ಆ ಗುಡ್ಡಗಳ ರುಚಿಯಿಂದ ಬಂದದ್ದಲ್ಲ. ಆ ರಾಶಿಯಿಂದ ಬಂದದ್ದು. ಹತ್ತು ಬಣ್ಣ ಕಲಸಿದರೆ ಕಂದು ಬರುತ್ತದೆ, ಅಲ್ವಾ? ಆ ಕಂದು ಬಣ್ಣವನ್ನು ನೋಡಿ ಜನ ಇದೇ ಪೆರು ಅಂದರು.

ಕೊಲಂಬಿಯಾದಲ್ಲೂ ಸಣ್ಣ ಬೆಳೆಗಾರರೇ ಜಾಸ್ತಿ. ಅವರಿಗೆ ಬೇರೆ ಹೆಸರು ಹೇಗೆ ಬಂತು? ಅಲ್ಲಿ 1927ರಲ್ಲೇ ಬೆಳೆಗಾರರ ಒಂದು ಒಕ್ಕೂಟ ಹುಟ್ಟಿತು. ಕೊಳ್ಳುವುದು, ಗುಣಮಟ್ಟ ನೋಡುವುದು, ಸಂಶೋಧನೆ ಎಲ್ಲಾ ಅದರ ಕೈಯಲ್ಲಿ. 1950ರ ದಶಕದ ಕೊನೆಯಲ್ಲಿ ತಲೆಗೆ ಟೋಪಿ ಇಟ್ಟುಕೊಂಡ, ಹೇಸರಗತ್ತೆ ಜೊತೆ ನಿಂತ ಹುವಾನ್ ವಾಲ್ಡೆಸ್ ಅನ್ನುವ ರೈತನನ್ನು ಜಾಹೀರಾತಿಗೆ ಸೃಷ್ಟಿಸಿದರು. ಅಮೆರಿಕದ ಮನೆಮನೆಗೆ ಅವನ ಮುಖ ಗೊತ್ತಾಯಿತು. ಪೆರುವಿನ ರೈತನಿಗೆ ಅಂಥ ಮುಖ ಯಾರೂ ಕೊಡಲಿಲ್ಲ.

ಕೊಡುವಂಥ ಕಾಲವೂ ಅಲ್ಲಿ ಬರಲಿಲ್ಲ. ಇತಿಹಾಸವನ್ನು ಬೇಗ ಹೇಳುತ್ತೇನೆ. ಕಾಫಿ ಅಲ್ಲಿಗೆ ಬಂದದ್ದು 18ನೇ ಶತಮಾನದಲ್ಲಿ. ದೊಡ್ಡದಾಗಿ ಬೆಳೆದದ್ದು 19ನೇ ಶತಮಾನದ ಕೊನೆಯಲ್ಲಿ, ಹುನೀನ್ ಕಡೆಯ ಚಾಂಚಮಾಯೊ ಕಣಿವೆಯಲ್ಲಿ. ಪೆರು ಸರ್ಕಾರ ಸಾಲ ತೀರಿಸಲಾಗದೆ ಸಾಲ ಕೊಟ್ಟ ಬ್ರಿಟಿಷರಿಗೆ ರೈಲು ದಾರಿ, ಜಮೀನು ಎಲ್ಲಾ ಒಪ್ಪಿಸಿತು. ಅವರು ಕಟ್ಟಿದ ಕಂಪನಿಗೆ ಪೆರೆನೆ ನದಿಯ ದಂಡೆಯಲ್ಲಿ ಐದು ಲಕ್ಷ ಹೆಕ್ಟೇರ್ ಸಿಕ್ಕಿತು. ಅದು ಅಶಾನಿಂಕಾ ಜನರ ನೆಲ. ಅವರ ನೆಲದಲ್ಲೇ ಅವರು ಕಾಫಿ ಕೊಯ್ಯುವ ಕೂಲಿಗಳಾದರು. ಈ ಭಾಗ ಓದುವಾಗ ನನಗೆ ನಮ್ಮ ಘಟ್ಟದ ಕಾಡಿನ ಜನರ ನೆನಪು ಬಂತು. 1969ರಲ್ಲಿ ಭೂಸುಧಾರಣೆ ಬಂತು. ದೊಡ್ಡ ತೋಟಗಳು ಒಡೆದವು. ಸಹಕಾರ ಸಂಘಗಳು ಬಲವಾದವು. 1980ರ ದಶಕದಲ್ಲಿ ಶೈನಿಂಗ್ ಪಾತ್ ಉಗ್ರರ ಹಿಂಸೆ ಶುರುವಾಯಿತು. ಹುನೀನ್‌ನ ಕಾಫಿ ಕಣಿವೆಗಳಲ್ಲಿ ಜನ ಮನೆ, ತೋಟ ಬಿಟ್ಟು ಓಡಿದರು. ಅದೇ ಹೊತ್ತಿಗೆ, 1989ರಲ್ಲಿ, ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಅಂತ ಇದ್ದ ಜಗತ್ತಿನ ಕೋಟಾ ಒಪ್ಪಂದ ಮುರಿದು ದರ ಬಿತ್ತು. ಆ ದರ ನಮ್ಮ ಕಡೆಯ ಹಿರಿಯರಿಗೂ ನೆನಪಿರಬಹುದು.

1990ರ ದಶಕದಲ್ಲಿ ಶಾಂತಿ ಮರಳಿದ ಮೇಲೆ ಸಂಘಗಳು ಮತ್ತೆ ಎದ್ದು ನಿಂತವು. ಆಗ ಅವರ ಕೈಯಲ್ಲಿ ಏನೂ ಇರಲಿಲ್ಲ. ಗೊಬ್ಬರಕ್ಕೆ ದುಡ್ಡಿಲ್ಲ, ಔಷಧಿಗೆ ದುಡ್ಡಿಲ್ಲ. ಆ ಬಡತನವೇ ಒಂದು ಸರ್ಟಿಫಿಕೇಟ್ ಆಯಿತು. ರಾಸಾಯನಿಕ ಹಾಕದ ತೋಟವನ್ನು ಸಾವಯವ ಅಂತ ದಾಖಲಿಸುವುದು ಸುಲಭವಾಗಿತ್ತು. ಇವತ್ತು ಸಾವಯವ ಕಾಫಿ ರಫ್ತು ಮಾಡುವ ಮುಂಚೂಣಿ ದೇಶಗಳಲ್ಲಿ ಪೆರು ಒಂದು. ಇದನ್ನು ನಾನು ಗೌರವದಿಂದಲೇ ಹೇಳುತ್ತೇನೆ. ಕರಾವಳಿಯ ದ್ವೀಪಗಳಲ್ಲಿ ಕಡಲ ಹಕ್ಕಿಗಳ ಹಿಕ್ಕೆ ಶೇಖರವಾಗುತ್ತದೆ. ಗ್ವಾನೊ ಅಂತಾರೆ. ಅದನ್ನು ಬೆಟ್ಟಕ್ಕೆ ಹೊತ್ತು ತಂದು ಕಾಫಿ ಬುಡಕ್ಕೆ ಹಾಕುತ್ತಾರೆ. ನೆರಳಿಗೆ ಇಂಗಾ ಜಾತಿಯ ಮರಗಳು, ಅದರ ಎಲೆಯೇ ಹೊದಿಕೆ. ಒಳ್ಳೆಯ ಬೇಸಾಯ. ಆದರೆ ಇದರಲ್ಲಿ ಒಂದು ನೋವೂ ಇದೆ. ಸಾವಯವ ಅನ್ನುವ ಚೀಟಿ ಬಿದ್ದ ಮೇಲೆ ಕೊಳ್ಳುವವರು ಅದಕ್ಕೆ ಮೇಲೆ ಸ್ವಲ್ಪ ದುಡ್ಡು ಕೊಟ್ಟು ಸುಮ್ಮನಾದರು. ಚೀಟಿ ನೋಡಿದರು, ರುಚಿ ನೋಡಲಿಲ್ಲ. ‘ಪೆರು ಅಂದರೆ ಸೋವಿ ಸಾವಯವ’ ಅನ್ನುವ ಮಾತು ಹಾಗೆ ಗಟ್ಟಿಯಾಯಿತು. ಪೋಷಣೆ ಕಡಿಮೆಯಾದ ಗಿಡ ಬೆಳೆಯನ್ನೂ ಕಡಿಮೆ ಕೊಡುತ್ತದೆ, ರೋಗಕ್ಕೂ ಬೇಗ ಬಗ್ಗುತ್ತದೆ.

ರೋಗ ಬಂದೇ ಬಂತು. ಎಲೆ ತುಕ್ಕು. ಅವರ ಭಾಷೆಯಲ್ಲಿ ‘ಲಾ ರೋಯಾ’. 2012ರ ಹೊತ್ತಿಗೆ ಶುರುವಾಗಿ 2013ರಲ್ಲಿ ಇಡೀ ಕಾಫಿ ಸೀಮೆಯನ್ನು ಹಿಡಿಯಿತು. ಸರ್ಕಾರ ತುರ್ತು ಸ್ಥಿತಿ ಘೋಷಿಸಿತು. ಹಳೆ ಟಿಪಿಕಾ, ಕಟುರ್ರಾ ತೋಟಗಳು ಎಲೆ ಉದುರಿಸಿ ಕಡ್ಡಿಯಾಗಿ ನಿಂತವು. ಎಲೆ ತುಕ್ಕಿನ ಜೊತೆ ನಾವು ನೂರೈವತ್ತು ವರ್ಷದಿಂದ ಗುದ್ದಾಡುತ್ತಿದ್ದೇವೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಹುಟ್ಟಿದ್ದೇ ಅಂಥ ಕಷ್ಟಗಳಿಂದ. ಪೆರುವಿನವರಿಗೆ ಅಂಥ ತಯಾರಿ ಇರಲಿಲ್ಲ. ಸಾಲ ಕೊಟ್ಟು ಹೊಸ ಗಿಡ ಹಾಕಿಸಿದರು. ಬಹಳ ಕಡೆ ಹಾಕಿದ್ದು ಕಟಿಮೋರ್ ತಳಿ. ನಮ್ಮಲ್ಲಿ ‘ಕಾವೇರಿ’ ಅಂತ ಬಂತಲ್ಲ, ಅದೂ ಅದೇ ಕುಲದ್ದು. ಫಸಲು ಜಾಸ್ತಿ, ಗಿಡ ಗಿಡ್ಡ, ಆದರೆ ರುಚಿಯಲ್ಲಿ ಹಳೆ ತಳಿಯ ಹಾಗಲ್ಲ ಅಂತ ಕಾವೇರಿ ಬಗ್ಗೆ ಇಲ್ಲಿ ನಡೆದ ಚರ್ಚೆ ಅಲ್ಲೂ ಹಾಗೇ ನಡೆಯಿತು. ಬಹಳ ಎತ್ತರದ, ಚಳಿಯ ತೋಟಗಳಲ್ಲಿ ಹಳೆ ತಳಿಗಳು ಹೇಗೋ ಉಳಿದವು. ಇವತ್ತು ಜಗತ್ತು ಹುಡುಕಿಕೊಂಡು ಬರುವುದು ಆ ತೋಟಗಳಿಗೇ.

ಹೆಸರು ಬದಲಾಗಲು ಶುರುವಾದದ್ದು ಮಾತ್ರ ರೋಗಕ್ಕೂ ಮೊದಲು. ಪುನೊ ಜಿಲ್ಲೆಯ ಸಾಂದಿಯಾ ಅನ್ನುವ ಜಾಗ. ಟಿಟಿಕಾಕಾ ಸರೋವರದ ಸುತ್ತಿನ ಬೋಳು ಪ್ರಸ್ಥಭೂಮಿಯಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಕೆಚುವಾ, ಐಮಾರಾ ಜನ ಬೆಟ್ಟ ಇಳಿದು ಕಾಡಿನ ಕಣಿವೆಗೆ ಬಂದು ಕಾಫಿ ಹಾಕಿದವರು. 1970ರಲ್ಲಿ ಅವರ ಸಂಘಗಳೆಲ್ಲಾ ಸೇರಿ ಸೆಕೊವಾಸಾ ಅನ್ನುವ ಒಕ್ಕೂಟ ಕಟ್ಟಿದವು. ಅವರ ಕಾಫಿಯ ಹೆಸರು ‘ತುಂಕಿ’. ಅದು ಪೆರುವಿನ ರಾಷ್ಟ್ರಪಕ್ಷಿಯ ಹೆಸರು, ಕೆಂಡದ ಬಣ್ಣದ ತಲೆಯ ಹಕ್ಕಿ. 2010ರಲ್ಲಿ ಅಮೆರಿಕದ ಸ್ಪೆಷಾಲಿಟಿ ಕಾಫಿ ಸಂಘದ ಸ್ಪರ್ಧೆಯಲ್ಲಿ ಈ ಕಣಿವೆಯ ವಿಲ್ಸನ್ ಸುಕಾತಿಕೋನಾ ಬೆಳೆದ ಕಾಫಿ ಮೊದಲು ಬಂತು. ಕೊಲಂಬಿಯಾ, ಗ್ವಾಟೆಮಾಲಾ, ಕೀನ್ಯಾ ಎಲ್ಲಾ ಇದ್ದ ಕಣದಲ್ಲಿ.

ಅವರು ಏನು ಬೇರೆ ಮಾಡಿದ್ದರು? ಮಣ್ಣು ಅದೇ, ಗಿಡ ಅದೇ. ಕಾಫಿಯನ್ನು ರಾಶಿಗೆ ಸುರಿಯಲಿಲ್ಲ. ಮಾಗಿದ ಹಣ್ಣು ಮಾತ್ರ ಆರಿಸಿ, ಗಂಟೆ ನೋಡಿ ಹುದುಗಿಸಿ, ಬೇರೆಯಾಗಿ ಒಣಗಿಸಿ, ಬೇರೆ ಚೀಲದಲ್ಲಿ ಇಟ್ಟರು.

2017ರಲ್ಲಿ ‘ಕಪ್ ಆಫ್ ಎಕ್ಸಲೆನ್ಸ್’ ಸ್ಪರ್ಧೆ ಮೊದಲ ಬಾರಿ ಪೆರುವಿಗೆ ಬಂತು. ಅಲ್ಲಿ ಪ್ರತಿ ಬೆಳೆಗಾರನ ಲಾಟಿಗೆ, ಅಂದರೆ ಬೇರೆಯಾಗಿಟ್ಟ ಕಾಫಿಗೆ, ಒಂದು ಗುಟ್ಟಿನ ನಂಬರ್ ಕೊಡುತ್ತಾರೆ. ಮೊದಲು ದೇಶದೊಳಗಿನವರು, ಆಮೇಲೆ ಹೊರಗಿನ ತೀರ್ಪುಗಾರರು ಹಲವು ಸುತ್ತು ಕುಡಿದು ನೋಡುತ್ತಾರೆ. ಗೆದ್ದ ಲಾಟು ಹರಾಜಿಗೆ ಹೋಗುತ್ತದೆ. ಮೊದಲ ವರ್ಷ ಗೆದ್ದದ್ದು ಕಹಮಾರ್ಕಾ. ಮರುವರ್ಷ ಕುಸ್ಕೊ ಕಡೆಯ ಗೀಷಾ ತಳಿಯ ಕಾಫಿ. ಎರಡೂ ನೂರಕ್ಕೆ 90 ದಾಟಿದವು. 80 ಬಂದರೆ ಸ್ಪೆಷಾಲಿಟಿ, ಅಂದರೆ ಮೇಲ್ದರ್ಜೆಯ ಕಾಫಿ ಅನ್ನುವ ಲೆಕ್ಕದಲ್ಲಿ 90 ಅಂದರೆ ಏನು ಅಂತ ಕಪ್ಪಿಂಗ್ ಮಾಡಿದವರಿಗೆ ಗೊತ್ತು.

ನನಗೆ ಬಹುಮಾನಕ್ಕಿಂತ ಅದರ ಹಿಂದಿನ ಸಣ್ಣ ಬದಲಾವಣೆಗಳು ಮುಖ್ಯ. ಹಾಯೆನ್, ಸಾನ್ ಇಗ್ನಾಸಿಯೊ ಕಡೆಯ ಸಂಘಗಳು ಕಪ್ಪಿಂಗ್ ಕೋಣೆ ಕಟ್ಟಿಕೊಂಡಿವೆ. ರೈತರ ಮಕ್ಕಳೇ ರುಚಿ ನೋಡುವುದನ್ನು ಕಲಿತಿದ್ದಾರೆ. ಪ್ಲಾಸ್ಟಿಕ್ ಹಾಳೆಯ ಗೂಡಿನೊಳಗೆ ಮಂಚ ಕಟ್ಟಿ ಅದರ ಮೇಲೆ ಕಾಫಿ ಒಣಗಿಸುತ್ತಾರೆ, ಮಂಜು ಇಳಿದರೂ ಹೆದರಿಕೆ ಇಲ್ಲ. ಮಾದರಿ ಕೊಟ್ಟ ರೈತನಿಗೆ ನಿನ್ನ ಕಾಫಿಗೆ ಇಷ್ಟು ಅಂಕ, ಇಲ್ಲಿ ಹುದುಗು ಜಾಸ್ತಿಯಾಗಿದೆ ಅಂತ ಹೇಳುತ್ತಾರೆ. ತಲೆಮಾರುಗಳಿಂದ ಕಾಫಿ ಬೆಳೆದ ಮನೆಯಲ್ಲಿ ತನ್ನ ಕಾಫಿಯ ರುಚಿ ಏನು ಅಂತ ಕೇಳಿದ ಮೊದಲ ಮನುಷ್ಯ ಅವನು. ನಮ್ಮ ಮನೆಯಲ್ಲೂ ಹಾಗೇ ಇತ್ತು. ಒಳ್ಳೆ ಪಾರ್ಚ್‌ಮೆಂಟ್ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಕ್ಯೂರಿಂಗಿಗೆ ಹೋಗುತ್ತಿತ್ತು. ಮನೆಯವರು ಕುಡಿಯುತ್ತಿದ್ದದ್ದು ನೆಲಕ್ಕೆ ಬಿದ್ದ ಉದುರು ಕಾಫಿ.

ಎಲ್ಲಾ ಕಡೆ ಸುಖಾಂತ ಆಗಿಲ್ಲ. ಸಾಂದಿಯಾದಲ್ಲೇ ರೋಗ ಬಂದ ಮೇಲೆ ಅನೇಕರು ಕಾಫಿ ಬಿಟ್ಟು ಕೋಕಾ ಬೆಳೆಗೆ ಹೋದರು. ವರ್ಷಕ್ಕೆ ಹಲವು ಸಲ ಎಲೆ ಕೊಯ್ಯಬಹುದು, ಕೈಗೆ ತಕ್ಷಣ ದುಡ್ಡು. ಜಗತ್ತನ್ನೇ ಗೆದ್ದ ಕಾಫಿಯ ಊರಿನಲ್ಲಿ ಹೀಗಾದದ್ದು ನನಗೆ ಬಹಳ ಬೇಸರ ತರುತ್ತದೆ. ಅವರನ್ನು ದೂರಲು ಮಾತ್ರ ಮನಸ್ಸು ಬರುವುದಿಲ್ಲ.

ಪೆರುವಿನ ಜನ ತಾವೇ ಏನು ಕುಡಿಯುತ್ತಾರೆ ಅಂತ ಇಲ್ಲಿಗೆ ಬರುವ ಮೊದಲು ಒಬ್ಬರು ಕೇಳಿದರು. ಬಹುತೇಕರು ಡಬ್ಬದ ಇನ್‌ಸ್ಟಂಟ್. ಒಳ್ಳೆಯದೆಲ್ಲಾ ರಫ್ತಿಗೆ. ಆದರೆ ಒಂದು ಹಳೆ ಪದ್ಧತಿ ಇದೆ, ಕೇಳಿದರೆ ನಿಮಗೆ ಖುಷಿಯಾಗುತ್ತದೆ. ‘ಕಫೆ ಪಸಾದೊ’ ಅಂತ. ಎರಡು ಅಂತಸ್ತಿನ ಪಾತ್ರೆ. ಮೇಲಿನದರಲ್ಲಿ ಪುಡಿ ಹಾಕಿ ಬಿಸಿನೀರು ಹೊಯ್ಯುತ್ತಾರೆ. ಹನಿಹನಿಯಾಗಿ ದಪ್ಪ ರಸ ಕೆಳಗೆ ಇಳಿಯುತ್ತದೆ. ‘ಎಸೆನ್ಸಿಯಾ’ ಅನ್ನುತ್ತಾರೆ. ಅದನ್ನು ಊಟದ ಮೇಜಿನ ಮೇಲೆ ಇಡುತ್ತಾರೆ. ಬೇಕಾದವರು ಬೇಕಾದಷ್ಟು ಬಗ್ಗಿಸಿಕೊಂಡು ಬಿಸಿನೀರೋ ಹಾಲೋ ಬೆರೆಸಿಕೊಳ್ಳುತ್ತಾರೆ. ನಮ್ಮ ಡಿಕಾಕ್ಷನ್ನೇ! ಭೂಮಿಯ ಆ ಬದಿಯಲ್ಲಿ ಒಂದು ಅಜ್ಜಿಯ ಅಡುಗೆಮನೆಯಲ್ಲೂ ಬೆಳಿಗ್ಗೆ ಫಿಲ್ಟರ್ ತಟ್ಟುವ ಸದ್ದು ಇದೆ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಈಗ ಲಿಮಾ, ಕುಸ್ಕೊ ಪಟ್ಟಣಗಳಲ್ಲಿ ತಮ್ಮದೇ ದೇಶದ ಒಂದೊಂದು ಊರಿನ ಕಾಫಿ ಹುರಿದು ಕೊಡುವ ಅಂಗಡಿಗಳು ಬಂದಿವೆ. ಆಗಸ್ಟ್ ತಿಂಗಳ ನಾಲ್ಕನೇ ಶುಕ್ರವಾರ ಅಲ್ಲಿ ಕಾಫಿ ದಿನ.

ಕೊಳ್ಳುವವರಿಗೆ ಒಂದು ಮಾತು. ಹೊರದೇಶದಲ್ಲಿ ಮಕ್ಕಳಿರುವವರು ಇಲ್ಲಿ ಬಹಳ ಜನ ಇದ್ದೀರಿ. ಅವರಿಗೆ ಹೇಳಿ. ಪೆರು ಕೊಯ್ಲು ಏಪ್ರಿಲ್‌ನಿಂದ ಸೆಪ್ಟೆಂಬರ್ ಸುಮಾರಿಗೆ. ಹೊಸ ಕಾಫಿ ಯುರೋಪ್, ಅಮೆರಿಕ ತಲುಪುವುದು ವರ್ಷದ ಕೊನೆಗೆ. ಚಳಿಗಾಲದಲ್ಲಿ ಕೊಂಡರೆ ತಾಜಾ ಇರುತ್ತದೆ. ಪ್ಯಾಕೆಟ್ ಮೇಲೆ ದೇಶದ ಹೆಸರು ಸಾಲದು. ಊರು ಇದೆಯಾ, ಎತ್ತರ ಇದೆಯಾ, ಸಂಘದ್ದೋ ರೈತನದ್ದೋ ಹೆಸರು ಇದೆಯಾ ನೋಡಲಿ.

ಈಗ ಈ ಎರಡು ಜಗ್. ಬಿಸಿ ಇದ್ದಾಗ ಕಾಫಿ ಬಹಳಷ್ಟನ್ನು ಮುಚ್ಚಿಡುತ್ತದೆ. ತಣಿದಾಗ ಒಳ್ಳೆಯದೂ ತೋರುತ್ತದೆ, ಐಬೂ ತೋರುತ್ತದೆ. ಅದಕ್ಕೇ ಕಾಯಿಸಿದೆ. ಮೊದಲು ಎಡಗಡೆಯದನ್ನು ಕುಡಿಯಿರಿ. ಕೆಟ್ಟದ್ದೇನಲ್ಲ, ಕಡಲೆಬೀಜ, ಸ್ವಲ್ಪ ಚಾಕಲೇಟ್ ಸಿಗುತ್ತದೆ. ಆಮೇಲೆ ಒಂದು ಗುಟುಕು ನೀರು. ಆಮೇಲೆ ಬಲಗಡೆಯದು. ಲೋಟ ಹಿಂದಿನ ಬೆಂಚಿನ ಮೇಲಿವೆ, ಎಲ್ಲರಿಗೂ ಸಾಕಾಗುವಷ್ಟು ಇವೆ. ಬನ್ನಿ.